ಕರಕರ ರಿಪೇರಿ

ನನ್ನ ಆರು ಪೆಟ್ಟಿಗೆಗಳಿಗೆ ಅಮ್ಮ ಇಟ್ಟ ಹೆಸರು 'ಕರಕರ ಡಬ್ಬಿ'. ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವವರೆಲ್ಲ ಸೀರೆ ಕೂಡಿಸಿದರೆ ನಾನು ಗಿಟಾರಿಗೆ ಜೋಡಿಸುವ ಈ ಫಝ್ ಪೆಡಲ್ ಪೆಟ್ಟಿಗೆ ಕೂಡಿಸುತ್ತಿದ್ದೆ. ಕಾಲಲ್ಲಿ ಒತ್ತಿದರೆ ಸಾಧು ಗಿಟಾರೂ ಕೆರಳಿ ಗುರುಗುಟ್ಟುತ್ತದೆ. ಒಂದರ ಗುರ್ರು ಇನ್ನೊಂದಕ್ಕಿಲ್ಲ. ಅದೇ ನನ್ನ ಹುಚ್ಚು.

ಏಳನೆಯದು ಸಿಕ್ಕಿದ್ದು ೧೯೮೧ರಲ್ಲಿ, ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಬಿನ್ನಿಪೇಟೆಯ ದೇವಯ್ಯನವರಿಂದ. ಅವರೇ ಜೋಡಿಸಿದ ಪೆಟ್ಟಿಗೆ, ಊರಲ್ಲಿ ಇನ್ನೊಂದಿಲ್ಲ. ಹತ್ತು ವರ್ಷದಿಂದ ಮೂಕವಾಗಿತ್ತು. ದನಿ ಹೇಗಿತ್ತೆಂದು ಕೇಳಿದರೆ, ಬಾಯಲ್ಲಿ ಹೇಳೋಕಾಗಲ್ಲ ಎಂದು ನಕ್ಕರು. ಅದನ್ನು ಕೇಳುವವರೆಗೆ ನನಗೆ ಊಟ ಸೇರಲಿಲ್ಲ.

ನಗರ್ತಪೇಟೆಯ ನಂಜುಂಡಯ್ಯನವರು ರೇಡಿಯೊ ರಿಪೇರಿಯಲ್ಲಿ ಎತ್ತಿದ ಕೈ. ಶನಿವಾರ ಬಸವನಗುಡಿಯ ಭಜನೆಯಲ್ಲಿ ತಂಬೂರಿ ಹಿಡಿಯುವವರು. ಪೆಟ್ಟಿಗೆ ಅವರ ಕೈಗಿಟ್ಟು, ಸೌಂಡ್ ಬರ್ತಿಲ್ಲ, ಸರಿ ಮಾಡ್ಕೊಡಿ ಎಂದಷ್ಟೇ ಹೇಳಿ ಬಂದೆ. ಅದೇ ತಪ್ಪಾಯಿತು. ವಾರ ಬಿಟ್ಟು ಗಿಟಾರ್ ಹೊತ್ತು ಹೋಗಿ, ಅಂಗಡಿಯ ಆಂಪ್ಲಿಫೈಯರಿಗೆ ಜೋಡಿಸಿ ಮೀಟಿದೆ. ದನಿಯೇನೋ ಬಂತು, ತೊಳೆದಿಟ್ಟ ಲೋಟದಷ್ಟು ಸ್ವಚ್ಛವಾಗಿ.

"ವೈರ್ ಬಿಟ್ಟಿತ್ತು, ಹಾಕ್ದೆ. ಆದ್ರೂ ಕರಕರ ಅಂತಿತ್ತು. ಟ್ರಾನ್ಸಿಸ್ಟರ್ ಎರಡೂ ಕಿತ್ತು ಹೊಸದು ಹಾಕಿ ವೈರಿಂಗೂ ಬದಲಾಯಿಸ್ದೆ. ಈಗ ನೋಡಿ, ಒಂಚೂರೂ ಇಲ್ಲ," ಎಂದರು.

ಗಣೇಶನ ಮಾಡಿ ಅಂದರೆ ಅವರಪ್ಪನ ಮಾಡಿದ್ದರು. ನನಗೆ ಅಳುವೇ ಬಂತು. ಆ ಕರಕರವೇ ಬೇಕಾಗಿತ್ತು ಎಂದೆ. ಅವರ ನಲವತ್ತು ವರ್ಷದ ರಿಪೇರಿಯಲ್ಲಿ ಯಾರೂ ಅದನ್ನು ಕೇಳಿಕೊಂಡು ಬಂದಿರಲಿಲ್ಲವಂತೆ.

ಪುಣ್ಯಕ್ಕೆ, ಕಿತ್ತ ಸಾಮಾನನ್ನು ಪೊಟ್ಟಣ ಕಟ್ಟಿ ಗಿರಾಕಿಗೆ ವಾಪಸು ಕೊಡುವುದು ಅವರ ಪದ್ಧತಿ. ಅದನ್ನು ಬಿಚ್ಚಿ, ವೈರಿಂಗನ್ನು ಮೊದಲಿನಂತೆ ಮಾಡಿ, ಕಿತ್ತ ಎರಡನ್ನೂ ಮತ್ತೆ ಬೆಸೆಯಲು ಕೂತರು. ಆ ಹಳೇ ಟ್ರಾನ್ಸಿಸ್ಟರುಗಳು ಕಾವು ತಾಳುವುದಿಲ್ಲ. ಬೆಸುಗೆ ಒಂದು ಕ್ಷಣ ಹೆಚ್ಚಾದರೂ ಸತ್ತೇ ಹೋಗುತ್ತವೆ. ಒಂದು ಸಲ ಕಿತ್ತಾಗಿತ್ತು, ಈಗ ಮತ್ತೆ ಬೆಂಕಿ.

ಮೀಟಿದೆ. ಗುರ್ರೆನ್ನಲಿಲ್ಲ, ಝೇಂಕರಿಸಿತು, ಕೈ ತೆಗೆದರೂ ದನಿ ನಿಲ್ಲಲಿಲ್ಲ. ನನ್ನ ಆರರಲ್ಲಿ ಯಾವುದಕ್ಕೂ ಇಲ್ಲದ ದನಿ.

ನಂಜುಂಡಯ್ಯನವರು ಕತ್ತು ವಾಲಿಸಿ ಕೇಳಿದರು. ಇನ್ನೊಂದ್ಸಲ ಎಂದರು. ಮತ್ತೆ ಮೀಟಿದೆ.

"ತಂಬೂರಿ ತಂತಿ ಅಡೀಲಿ ದಾರ ಇಡ್ತೀವಲ್ಲಮ್ಮ, ಹಿಂಗೇ ಝೇಂಕಾರ ಬರ್ಲಿ ಅಂತ. ಅದನ್ನ ಜೀವ ಅಂತೀವಿ," ಎಂದು, ಕೈಯಲ್ಲಿದ್ದ ಖಾಲಿ ಪೊಟ್ಟಣವನ್ನು ನೋಡಿಕೊಂಡರು. "ಜೀವ ತೆಗ್ದು, ರಿಪೇರಿ ಆಯ್ತು ಅಂದ್ಬಿಟ್ನಲ್ಲ."