ಗೇಟಿನ ಹೊರಗಿನ ಸ್ಟೂಲು

"ಅದನ್ನ ಮುಟ್ಟಬೇಡ!"

ಮಗಳು ಎತ್ತಿದ್ದ ಮರದ ಸ್ಟೂಲನ್ನು ಅಲ್ಲೇ ಇಳಿಸಿದಳು. "ಬಾಗಿಲಿಗೆ ಅಡ್ಡ ಇದೆಯಪ್ಪ. ಅಮ್ಮನ್ನ ಹೊರಗೆ ತರೋದು ಹೇಗೆ?"

ಅಪ್ಪ ಸ್ಟೂಲನ್ನು ತಾನೇ ಎತ್ತಿ ಗೋಡೆಗೆ ಒತ್ತಿಟ್ಟು, ಪಕ್ಕದಲ್ಲೇ ನಿಂತ. ಬೆಳಗಿನಿಂದ ಅವನು ಕೂತಿರಲಿಲ್ಲ.

"ಇಪ್ಪತ್ತು ವರ್ಷದಿಂದ ಅದರ ಮೇಲೆ ಒಬ್ಬರನ್ನೂ ಕೂರೋಕೆ ಬಿಟ್ಟಿಲ್ಲ ಈ ಪುಣ್ಯಾತ್ಮ," ಎಂದಳು ನಾದಿನಿ. "ಏನು ಸಿಂಹಾಸನವೋ!"

*

ಇಪ್ಪತ್ತು ವರ್ಷದ ಹಿಂದೆ, ಅಮ್ಮ ದುಡಿಯುತ್ತಿದ್ದ ಲಾಂಡ್ರಿಯ ಮಾಲೀಕ ಇಸ್ತ್ರಿ ಹೆಂಗಸರ ಸ್ಟೂಲುಗಳನ್ನು ಒಂದು ದಿನ ತೆಗೆಸಿಬಿಟ್ಟ. ಕೂತರೆ ಕೆಲಸ ಸಾಗುವುದಿಲ್ಲವಂತೆ. ಮಾಲೀಕ ಒಳ್ಳೆಯವನು ಎಂದು ಬೀದಿಯೆಲ್ಲ ಹೇಳುತ್ತಿತ್ತು. ಬೀದಿಯವರು ಹತ್ತು ಗಂಟೆ ನಿಂತು ಇಸ್ತ್ರಿ ತಿಕ್ಕಿರಲಿಲ್ಲ.

ಮರುದಿನ ಅವಳು ಮನೆಯಿಂದ ಈ ಸ್ಟೂಲು ಹೊತ್ತು ತಂದಳು. ಗೇಟಿನಲ್ಲಿ ತಡೆದ ಕಾವಲುಗಾರ ಅವಳ ಗಂಡನೇ.

"ಒಳಗೆ ಬಿಡೋ ಹಾಗಿಲ್ಲಮ್ಮ."

"ಆಗ್ಲಿ ಸ್ವಾಮಿ. ಇಲ್ಲೇ ಇಟ್ಟಿರ್ತೀನಿ. ನಾಳೆ ಮತ್ತೆ ಕೇಳ್ತೀನಿ."

ಕೂಗಾಡಲಿಲ್ಲ. ಕೆಲಸವನ್ನೂ ಕೆಡಿಸಲಿಲ್ಲ. ಸಂಜೆ ಸ್ಟೂಲು ಹೊತ್ತು ಅವನ ಜೊತೆಗೇ ಮನೆಗೆ ನಡೆದಳು. ಮನೆಯಲ್ಲಿ ಇಬ್ಬರೂ ಆ ಸುದ್ದಿ ಎತ್ತುತ್ತಿರಲಿಲ್ಲ. ನಲವತ್ತು ದಿನ ಹೀಗೇ. ಕೊನೆಗೊಂದು ಬೆಳಿಗ್ಗೆ ಹತ್ತೊಂಬತ್ತು ಹೆಂಗಸರೂ ತಮ್ಮ ತಮ್ಮ ಸ್ಟೂಲು ತಂದು ಗೇಟಿನ ಮುಂದೆ ಸಾಲಾಗಿ ಇಟ್ಟು ಒಳಗೆ ಹೋದರು. ಬಂದ ಗಿರಾಕಿಗಳೆಲ್ಲ ಇದೇನು ಎಂದು ಕೇಳತೊಡಗಿದರು. ಮೂರನೆಯ ದಿನ ಮಾಲೀಕ ಹಳೆಯ ಸ್ಟೂಲುಗಳನ್ನು ವಾಪಸು ಹಾಕಿಸಿದ.

ಗೇಟಿನಲ್ಲಿ ಕಾವಲುಗಾರನಿಗೊಂದು ಕುರ್ಚಿಯಿತ್ತು. ಅಷ್ಟೂ ದಿನ ಅವನು ಅದರಲ್ಲಿ ಕೂರಲಿಲ್ಲ. ಅದನ್ನು ಅವಳಿಗೆ ಹೇಳಲೂ ಇಲ್ಲ. ತಡೆದ ಬಾಯಲ್ಲಿ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಅಂದುಕೊಂಡೇ ಇಪ್ಪತ್ತು ವರ್ಷ ಹೋಯಿತು.

*

"ಕೂತ್ಕೊಳ್ಳಪ್ಪ, ಮಂಡಿ ನೋವಿನೋನು," ಎಂದಳು ಅವಳ ಜೊತೆ ಇಸ್ತ್ರಿ ಮಾಡುತ್ತಿದ್ದ ದಪ್ಪಕ್ಕ.

"ಮಂಡಿ ವಿಷಯ ನಿನಗ್ಯಾರು ಹೇಳಿದ್ರು?" ಅವನು ರೇಗಿದ.

"ಇನ್ಯಾರು, ನಿನ್ನ ಹೆಂಡ್ತಿ! ಆಗ ಲಾಂಡ್ರಿ ಕಿಟಕಿ ಗಾಜಿನ ಹಬೆನ ಅಂಗೈಲಿ ಒರೆಸಿ ಒರೆಸಿ ಗೇಟ್ ಕಡೆ ನೋಡ್ತಿದ್ಲು. 'ಮೊಂಡ ಇವತ್ತೂ ಕೂತಿಲ್ಲ ಕಣ್ರೇ. ಅವನ ಮಂಡಿ ಹೋಗೋದ್ರೊಳಗೆ ಇದು ಮುಗೀಬೇಕು' ಅಂದ್ಲು. ಅದಕ್ಕೇ ಅಲ್ವಾ ನಾವೆಲ್ಲ ಸ್ಟೂಲು ಹೊತ್ತು ತಂದಿದ್ದು?"

ಅವನು ಹೆಂಡತಿಯ ಮುಖ ನೋಡಿದ. "ಒಂದಿನಾನೂ ಹೇಳ್ಲಿಲ್ವಲ್ಲೇ..."

"ನೀನೇ ಹೇಳ್ತೀಯ ಅಂತ ಕಾಯ್ತಿದ್ಲು," ಎಂದಳು ದಪ್ಪಕ್ಕ.

ಚಟ್ಟ ಹೊರಲು ಬಂದವರು ಬಾಗಿಲಲ್ಲಿ ನಿಂತಿದ್ದರು. ಅವನು ಸ್ಟೂಲನ್ನು ತಂದು ಅವಳ ತಲೆಯ ಬಳಿ ಇಟ್ಟ. ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ.