ರಸ್ಕು ಸಾಕು, ಮಗ್ಗುಲು ಬದಲಾಯಿಸಿ

ಲೂರ್ದಮ್ಮನ ಮಂಚದ ಕೆಳಗೆ ಹದಿನಾಲ್ಕು ಪ್ಯಾಕೆಟ್ ರಸ್ಕು ಕೂತಿತ್ತು. ಕದ್ದ ಮಾಲಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಚರ್ಚಿನಲ್ಲಿ ‘ರೋಗಿಗಳ ಭೇಟಿ ಸಂಘ’ ಅಂತ ಒಂದಿದೆ. ಅವರು ಭಾನುವಾರಕ್ಕೊಂದರಂತೆ ಪ್ರೀತಿಯಿಂದ ತಂದಿಟ್ಟದ್ದು.

ಮೂರೂವರೆ ತಿಂಗಳ ಹಿಂದೆ ಲೂರ್ದಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಮುಷ್ಕರ ಹೂಡಿದ್ದವು. ನಾಲಿಗೆ ಮಾತ್ರ ರಾಜಿಗೆ ಬಂದಿತ್ತು. ಮೊದಲು ಉಸಿರು ಬಿಡದೆ ಮಾತಾಡುತ್ತಿದ್ದವಳು ಈಗ ಎರಡು ಮಾತಿಗೊಮ್ಮೆ ನಿಲ್ಲಬೇಕು. ಅದರಿಂದ ಒಂದು ಲಾಭವೂ ಆಗಿತ್ತು. ‘ಕಾಫಿ ಬೇಕು’ ಅಂದರೂ ಇಂಟರ್‌ವಲ್ಲಿಗೆ ಮುಂಚೆ ಹೀರೋ ಎಚ್ಚರಿಕೆ ಕೊಟ್ಟ ಹಾಗೆ ಕೇಳಿಸುತ್ತಿತ್ತು.

ಸಂಘದವರ ಭೇಟಿಯೂ ಹಳೇ ಸಿನಿಮಾದ ಥರ, ಎಷ್ಟು ಸಲ ನೋಡಿದರೂ ಅದೇ ಸೀನು. ಹನ್ನೊಂದು ಹೆಂಗಸರು ಮಂಚದ ಸುತ್ತ ನಿಲ್ಲುತ್ತಾರೆ. ಒಂದು ಪರಲೋಕ ಮಂತ್ರ, ಮೂರು ನಮೋ ಮರಿಯ, ಒಂದು ಹಾಡು. ದಿಂಬಿನ ಪಕ್ಕ ರಸ್ಕು. ‘ಧೈರ್ಯವಾಗಿರಿ ಲೂರ್ದಮ್ಮ.’ ಇಪ್ಪತ್ತು ನಿಮಿಷಕ್ಕೆ ಶುಭಂ. ಮಲಗಿದವಳಿಗೆ ಕಾಣುವುದು ಹನ್ನೊಂದು ಗದ್ದ ಮಾತ್ರ.

ಬೈಯೋಣ ಅಂದರೆ ಅದಕ್ಕೂ ದಾರಿಯಿಲ್ಲ. ಈ ಚಿತ್ರಕಥೆ ಬರೆದವಳು ಲೂರ್ದಮ್ಮನೇ. ಹತ್ತೊಂಬತ್ತು ವರ್ಷ ಆ ಸಂಘ ನಡೆಸಿದವಳು ಅವಳು. ಚಹಾದಲ್ಲಿ ಅದ್ದಿದರೆ ಹಲ್ಲಿಲ್ಲದವರೂ ತಿನ್ನಬಹುದು ಅಂತ ರಸ್ಕಿನ ನಿಯಮ ಮಾಡಿದ್ದೂ ಅವಳೇ. ‘ನಮ್ಮ ಕೆಲಸ ಪ್ರಾರ್ಥನೆ, ಮೈ ಮುಟ್ಟುವುದು ನರ್ಸಮ್ಮನ ಕೆಲಸ’ ಎಂದು ಸಂಘದ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದೂ ಅವಳ ಕೈಯೇ.

ಒಂದು ಸೋಮವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಸಂಗೀತಾ ನೋಡಲು ಬಂದಳು. ‘ಸೊಂಟದ ಹಿಂದೆ ಉರಿ’ ಅಂದಳು ಲೂರ್ದಮ್ಮ. ಸಂಗೀತಾ ಅವಳನ್ನು ಮೆಲ್ಲಗೆ ಹೊರಳಿಸಿ ನೋಡಿದವಳು ಬಾಗಿಲ ಕಡೆ ತಿರುಗಿ ಕರೆದಳು.

“ಚೌರಪ್ಪಣ್ಣ, ಒಂಚೂರು ಬನ್ನಿ ಇಲ್ಲಿ.”

ಲೂರ್ದಮ್ಮನ ಗಂಡ ಚೌರಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ತರೀಕೆರೆಯಿಂದ ಅಜ್ಜಂಪುರದ ಮೇಲೆ ಕಡೂರಿಗೆ ಹೋಗಿ ಬರುವ ಬಸ್ಸು. ಒಂದು ಟ್ರಿಪ್ಪು ಮುಗಿಸಿ ಮುಂದಿನದಕ್ಕೆ ಹೊರಡುವ ಮುಂಚೆ ಮನೆಗೆ ಓಡಿ ಬಂದಿದ್ದ. ಸೀಟಿ ಇನ್ನೂ ಬಾಯಲ್ಲೇ ಇತ್ತು.

“ಈ ಕೆಂಪು ನೋಡಿ. ಬೆರಳಲ್ಲಿ ಒತ್ತಿ ಬಿಟ್ರೆ ಬೆಳ್ಳಗಾಗ್ಬೇಕು. ಆಗ್ತಿಲ್ಲ. ಮುಟ್ಟಿ ನೋಡಿ, ಸುತ್ತಲಿನ ಚರ್ಮಕ್ಕಿಂತ ಬಿಸಿ ಐತೆ. ಒಂದೇ ಕಡೆ ಮಲಗಿ ಮಲಗಿ ಹುಣ್ಣಾಗೋ ಮೊದಲ್ನೇ ಗುರುತು ಇದು.”

“ಕೊಬ್ರಿ ಎಣ್ಣೆ ಹಾಕಿ ಚೆನ್ನಾಗ್ ತಿಕ್ಕಿದ್ರೆ ಹೋಯ್ತದೆ ಬಿಡವ್ವ.”

“ತಿಕ್ಕಲೇ ಬೇಡಿ. ಒಳಗೆ ಇನ್ನೂ ಕೆಡ್ತದೆ. ಕೆಂಪು ಹೋಗೋವರ್ಗೂ ಅದರ ಮೇಲೆ ಭಾರ ಬೀಳಬಾರ್ದು. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ. ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಅಷ್ಟೇ ಔಷಧಿ.”

“ಬದಲಾಯಿಸ್ದಿದ್ರೆ?”

“ಚರ್ಮ ಒಡೀತದೆ. ಒಡೆದ ಮೇಲೆ ಮೂಳೆವರ್ಗೂ ಇಳೀತದೆ. ಆಗ ಶಿವಮೊಗ್ಗದ ಆಸ್ಪತ್ರೆ. ಅಲ್ಲಿಂದ ಎದ್ದು ಬರೋದು ಬಿಡೋದು ನನ್ ಕೈಲಿಲ್ಲ ಅಣ್ಣ.”

ಗೋಡೆಯಾಚೆಯಿಂದ ಎಲ್ಲಾ ಕೇಳಿಸಿಕೊಂಡ ಪಕ್ಕದ ಮನೆ ಓಬಮ್ಮ ಹಿತ್ತಲ ಬಾಗಿಲಲ್ಲಿ ಪ್ರತ್ಯಕ್ಷಳಾದಳು. “ಹಗಲೊತ್ತು ನಾನ್ ಬತ್ತೀನಿ ಕಣಪ್ಪ ಚೌರಪ್ಪ. ಏನ್ ಮಹಾ, ಒಂದ್ ಹೊರಳ್ಸೋದು ತಾನೇ?”

“ಬ್ಯಾಡ ಓಬಕ್ಕ. ಮೂವತ್ತು ವರ್ಷ ಊರೋರ್ನೆಲ್ಲ ಹತ್ಸಿ ಇಳ್ಸಿದೀನಿ. ಇವಳೊಬ್ಳನ್ನ ಹೊರಳ್ಸಕ್ಕೆ ನಂಗೆ ಯಾರೂ ಬ್ಯಾಡ. ನನ್ ಹೆಂಡ್ತಿ, ನಾನ್ ನೋಡ್ಕೋತೀನಿ.”

ಡೈಲಾಗ್ ಚೆನ್ನಾಗಿತ್ತು. ಆದರೆ ಅದನ್ನು ಹೇಳಿದವನು ಹತ್ತೂಕಾಲಿನ ಬಸ್ಸಿಗೆ ಓಡಿದ. ಬಸ್ಸು ಮರಳುವುದು ಒಂದೂವರೆಗೆ. ಮತ್ತೆ ಎರಡೂಕಾಲಿಗೆ ಹೊರಟರೆ ಬರುವುದು ಆರಕ್ಕೆ ಕಾಲು ಗಂಟೆ ಮುಂಚೆ. ಲೂರ್ದಮ್ಮ ಮಲಗಿದಲ್ಲೇ ಬಸ್ಸುಗಳ ಹಾರನ್ ಎಣಿಸಿದಳು. ಒಂದು ಬದಿ ಬೆಂದು, ಯಾರೂ ತಿರುವಿ ಹಾಕದ ರೊಟ್ಟಿಯ ಹಾಗಿದ್ದೀನಿ ಅನ್ನಿಸಿತು. ಸೋಮವಾರ ಹತ್ತು ರೂಪಾಯಿ ನಾಣ್ಯದಷ್ಟಿದ್ದ ಕೆಂಪು, ಶನಿವಾರದ ಹೊತ್ತಿಗೆ ಬಿಸ್ಕತ್ತಿನಷ್ಟಾಯಿತು.

ಆ ಶನಿವಾರ ಅವಳಿಗೆ, ಹಿಂದೆ ಸಂಘದವರು ನೋಡಲು ಹೋಗುತ್ತಿದ್ದ ಆರೋಗ್ಯಮ್ಮ ಬಿಟ್ಟೂ ಬಿಡದೆ ನೆನಪಾದಳು. ಎಂಟು ವರ್ಷದ ಹಿಂದಿನ ಮಾತು. ಆಗ ನಡೆದದ್ದನ್ನು ಲೂರ್ದಮ್ಮ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಎರಡನೇ ಪೂಜೆ ಮುಗಿಯಿತು. ಹನ್ನೊಂದು ಗದ್ದಗಳು ಬಂದವು. ಈಗಿನ ಮುಖ್ಯಸ್ಥೆ ಜ್ಞಾನಮ್ಮ ಹದಿನೈದನೇ ಪ್ಯಾಕೆಟ್ಟನ್ನು ದಿಂಬಿನ ಪಕ್ಕ ಇಟ್ಟು, ಕಣ್ಣು ಮುಚ್ಚಿ, ಹಾಡಿನ ಮೊದಲ ಸಾಲು ಎತ್ತಿದಳು.

“ಹಾಡು. ನಿಲ್ಸಿ.”

ಹಾಡು ನಿಂತಿತು. ಒಬ್ಬಳು ಮಾತ್ರ ಹಿಂದೆ ಇನ್ನರ್ಧ ಸಾಲು ಹಾಡಿ ನಾಲಿಗೆ ಕಚ್ಚಿಕೊಂಡಳು.

“ಜ್ಞಾನೂ. ಈ ರಸ್ಕು. ತಗೊಂಡ್ ಹೋಗು.”

“ಯಾಕ್ ಲೂರ್ದಕ್ಕ, ಬೇಕರಿ ಬದಲಾಯಿಸ್ಬೇಕಾ?”

“ಮಗ್ಗುಲು. ಬದಲಾಯಿಸ್ಬೇಕು.” ಲೂರ್ದಮ್ಮ ಉಸಿರು ತೆಗೆದುಕೊಂಡಳು. “ನನ್ ಬೆನ್ನು. ನೋಡು. ಈಗ.”

ಜ್ಞಾನಮ್ಮ ಅತ್ತಿತ್ತ ನೋಡಿದಳು. “ನಾವು ಮುಟ್ಟಂಗಿಲ್ವಲ್ಲ ಅಕ್ಕ. ಪುಸ್ತಕದಲ್ಲಿ ರೂಲ್ಸ್ ಐತೆ.”

“ಅದನ್ ಬರ್ದಿದ್. ಯಾರು?”

“ನೀವೇ.”

“ಹರಿದ್ ಹಾಕ್ತಿದೀನಿ. ನಾನೇ.”

ಬಾಗಿಲಲ್ಲಿ ನಿಂತಿದ್ದ ಚೌರಪ್ಪನಿಗೆ ಭಾನುವಾರ ರಜೆ, ಆದರೆ ಕೋಪಕ್ಕೆ ರಜೆಯಿರಲಿಲ್ಲ. “ಏನೇ ಇದು? ಮನೆ ಹೆಂಗಸಿನ ಮೈ ಊರಿಗೆಲ್ಲ ತೋರ್ಸ್ಬೇಕಾ? ನನ್ ಮರ್ಯಾದೆ ಏನಾಗ್ಬೇಕು?”

ಲೂರ್ದಮ್ಮ ಬಲಗೈಯಲ್ಲಿ ಮಂಚದ ಪಟ್ಟಿ ಹಿಡಿದು ಅವನತ್ತ ಮುಖ ತಿರುಗಿಸಿದಳು. “ನಿನ್ ಮರ್ಯಾದೇನೇ ಕಣಯ್ಯ. ನನ್ ಬೆನ್ನಲ್ಲಿ. ಕೆಂಪಗೆ ಕೂತಿರೋದು.”

ಈ ಡೈಲಾಗಿಗೆ ಥಿಯೇಟರಿನಲ್ಲಾದರೆ ಶಿಳ್ಳೆ ಬೀಳುತ್ತಿತ್ತು.

ಆಮೇಲೆ ಅವಳು ಆರೋಗ್ಯಮ್ಮನ ಮಾತು ತೆಗೆದಳು. ನಿಂತು ನಿಂತು ಹೇಳಿದ್ದರಿಂದ ಹೇಳಿ ಮುಗಿಸಲು ತುಂಬ ಹೊತ್ತು ಹಿಡಿಯಿತು.

“ಆರೋಗ್ಯಮ್ಮ. ಒಂದ್ ವರ್ಷ ಮಲಗಿದ್ರು. ಎಲ್ಲಾ ಭಾನುವಾರಾನೂ ಹೋದೆ. ಹಾಡ್ದೆ. ಒಂದಿನ ಆಯಮ್ಮ. ನನ್ ಸೆರಗು ಹಿಡ್ಕೊಂಡ್ರು. ‘ಲೂರ್ದೂ, ಒಂಚೂರು ಹೊರಳ್ಸವ್ವ’ ಅಂದ್ರು. ‘ದೇವ್ರು ನೋಡ್ಕೋತಾನೆ’ ಅಂದೆ. ರಸ್ಕಿಟ್ಟು ಬಂದೆ. ಮುಂದಿನ ತಿಂಗ್ಳು. ಅದೇ ಹುಣ್ಣಲ್ಲಿ ಹೋದ್ರು.” ಅವಳ ಬಲಗಣ್ಣಿಂದ ನೀರು ಕಿವಿಗೆ ಇಳಿಯಿತು. ಅದನ್ನು ಒರೆಸಿಕೊಳ್ಳಲಿಲ್ಲ. “ದೇವ್ರು ನೋಡ್ಕೊಳ್ಳಕ್ಕೇ. ನನ್ನ ಕಳ್ಸಿದ್ದ ಅಲ್ಲಿಗೆ. ಎರಡು ಕೈ ಕೊಟ್ಟು. ನನ್ಗೆ ತಿಳೀಲಿಲ್ಲ. ಈಗ ಒಂದೇ ಕೈ ಐತೆ. ಈಗ ತಿಳೀತು.”

ಜ್ಞಾನಮ್ಮ ಜಪಸರವನ್ನು ಕೊರಳಿಗೆ ಹಾಕಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಗಂಡಸ್ರು ಆಚೆ ಹೋಗಿ. ಹೆಂಗ್ ಹೊರಳ್ಸ್ಬೇಕು ಅಂತ ಯಾರಿಗ್ ಗೊತ್ತು?”

“ಸಂಗೀತಾಗೆ ಗೊತ್ತು, ಕರ್ಕೊಂಬತ್ತೀನಿ,” ಅಂದ ಓಬಮ್ಮ, ಹಿತ್ತಲಲ್ಲಿ ಕಾದೇ ಇದ್ದವಳು, ಚಪ್ಪಲಿ ಕೂಡ ಮೆಟ್ಟದೆ ಓಡಿದಳು.

ಸಂಗೀತಾ ಬಂದು ಹೇಳಿಕೊಟ್ಟಳು. ಮಗ್ಗುಲಾದಾಗ ಬೆನ್ನಿಗೆ ಆನಿಸಲು ಒಂದು ದಿಂಬು, ಎರಡು ಮಂಡಿಗಳ ನಡುವೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ಮಡಿಸಿದ ಕಂಬಳಿ. ಹಾಸಿದ ಬಟ್ಟೆಯಲ್ಲಿ ಸುಕ್ಕು ಇರಬಾರದು, ಒದ್ದೆ ಇರಬಾರದು. “ಎಳೀಬೇಡಿ, ಎತ್ತಿ. ಎಳೆದ್ರೆ ಚರ್ಮ ಉಜ್ಜಿ ಹೋಗ್ತದೆ.” ಹನ್ನೊಂದು ಜನ ಒಟ್ಟಿಗೇ ಕೈ ಹಾಕಲು ಹೋಗಿ, ಒಬ್ಬರ ತಲೆ ಇನ್ನೊಬ್ಬರಿಗೆ ಡಿಕ್ಕಿ ಹೊಡೆಯಿತು. “ಇಬ್ರು ಸಾಕು ಕಣ್ರಮ್ಮ, ಇದೇನು ತೇರು ಎಳೆಯೋದಾ?” ಅಂದಳು ಓಬಮ್ಮ. ಲೂರ್ದಮ್ಮ ಗೋಡೆಯ ಕಡೆ ಹೊರಳಿದಾಗ, ಅವಳ ಬಾಯಿಂದ ಒಂದು ಉದ್ದನೆಯ ನಿಟ್ಟುಸಿರು ಬಂತು. ವಾರದಿಂದ ಒಳಗೇ ಸಿಕ್ಕಿಕೊಂಡಿದ್ದ ಉಸಿರು.

ಉಳಿದದ್ದು ಚೌರಪ್ಪ. ಅವನು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಒಳಗಿಂದ ಹೆಂಡತಿಯ ದನಿ ಬಂತು.

“ಏನಯ್ಯ. ನಿನ್ ಬಸ್ಸಲ್ಲಿ. ಡ್ರೈವರೂ ನೀನೇ. ಕಂಡಕ್ಟರೂ ನೀನೇ. ಕ್ಲೀನರೂ ನೀನೇನಾ?”

“ಅದೆಂಗ್ ಆಯ್ತದೆ?”

“ಮತ್ತೆ ಇಲ್ಲೆಂಗಯ್ಯ. ಆಯ್ತದೆ?”

ಮೂವತ್ತು ವರ್ಷದ ಸರ್ವೀಸಿನಲ್ಲಿ ಚೌರಪ್ಪ ಚಿಲ್ಲರೆ ಇಲ್ಲದೆ ನಿಂತದ್ದು ಅದೇ ಮೊದಲು. ಕಿಸೆಯಿಂದ ಪೆನ್ನು ತೆಗೆದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದ. “ಬೆಳಿಗ್ಗೆ ಆರಕ್ಕೆ ನಾನ್ ಹೊರಳ್ಸಿ ಹೋಯ್ತೀನಿ. ಹತ್ತಕ್ಕೆ, ಎರಡಕ್ಕೆ ಟ್ರಿಪ್ ನಡುವೆ ಬತ್ತೀನಿ. ಸಂಜೆಯಿಂದ ರಾತ್ರಿ ಪೂರಾ ಅಲಾರಂ ಇಟ್ಕೊಂಡು ನಾನೇ. ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಮಾತ್ರ ಇಲ್ಲಿ ಜನ ಇಲ್ಲ.”

“ಮೂರೇ ಸ್ಟಾಪಾ?” ಅಂದಳು ಜ್ಞಾನಮ್ಮ. “ನಾವ್ ಹನ್ನೊಂದು ಜನ ಇದೀವಲ್ಲಪ್ಪ. ಒಂದೊಂದು ಸ್ಟಾಪಿಗೆ ಇಬ್ಬಿಬ್ರು. ಇಷ್ಟಕ್ಕಾ ಮೂರೂವರೆ ತಿಂಗ್ಳು ಬರೀ ಹಾಡಿದ್ದು ನಾವು?”

“ಹನ್ನೆರಡು ಜನ,” ಅಂದಳು ಓಬಮ್ಮ. “ನನ್ನೂ ಬರ್ಕೊ.”

ಗುಂಪಿನಲ್ಲಿ ಯಾರೋ ಮೆಲ್ಲಗೆ, “ಓಬಮ್ಮ ನಮ್ ಚರ್ಚಿನೋರಲ್ವಲ್ಲ, ಸಂಘಕ್ಕೆ ಹೆಂಗ್ ಸೇರ್ಸೋದು?” ಅಂದರು.

“ನಾನೇನು ನಿಮ್ ಪೂಜೆಗೆ ಪಾಲು ಕೇಳಕ್ ಬಂದಿಲ್ಲ ಕಣವ್ವ,” ಅಂದಳು ಓಬಮ್ಮ. “ನಮ್ಮನೇಲಿ ಬುದ್ಧನ ಫೋಟೋ ಐತೆ, ನೆಮ್ಮದಿಯಾಗ್ ಐತೆ. ಹೊರಳ್ಸಕ್ ಬತ್ತೀನಿ ಅಂದೆ, ಅಷ್ಟೇ.”

“ಬರ್ಕೊ,” ಅಂದಳು ಲೂರ್ದಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ. “ನನ್ ಬೆನ್ನು. ಯಾರ್ ಕೈ ಅಂತ. ಕೇಳಲ್ಲ.”

ಓಬಮ್ಮನಿಗೆ ಹನ್ನೆರಡರ ಸ್ಟಾಪು ಸಿಕ್ಕಿತು.

ಎಲ್ಲಾ ಮೊದಲ ದಿನವೇ ಸರಿಹೋಯಿತು ಅಂದರೆ ಅದು ಸಿನಿಮಾ. ಬುಧವಾರ ನಾಲ್ಕರ ಸ್ಟಾಪಿನ ಜ್ಞಾನಮ್ಮ ಊಟ ಮಾಡಿ ಮಲಗಿದವಳು ಏಳಲೇ ಇಲ್ಲ. ನಾಲ್ಕೂಕಾಲಿಗೆ ಓಬಮ್ಮ ಅವಳ ಬಾಗಿಲು ಬಡಿದಳು. “ಏ ಮುಖ್ಯಸ್ಥೆ, ನೀನು ತಾನಾಗೇ ಹೊರಳ್ತೀಯ, ಆಯಮ್ಮ ಹೊರಳಲ್ಲ. ಏಳು ಮೇಲೆ.” ಮಾರನೇ ದಿನದಿಂದ ಜ್ಞಾನಮ್ಮ ಮೂರೂ ಮುಕ್ಕಾಲಿಗೇ ಹಾಜರು. ಮಲಗಿದವಳಿಗೆ ಮೊಟ್ಟೆ, ಬೇಳೆಕಟ್ಟು ಬಂತು. ರಸ್ಕಿಗೂ ಕೊನೆಗೆ ಕೆಲಸ ಸಿಕ್ಕಿತು. ಹೊರಳಿಸಲು ಬಂದವರಿಗೆ ಚಹಾದ ಜೊತೆ ಅದೇ ತಿಂಡಿ. ಹಾಡೂ ನಿಲ್ಲಲಿಲ್ಲ. ದಿಂಬು ಇಟ್ಟು, ಸುಕ್ಕು ಬಿಡಿಸಿ, ಆಮೇಲೆ ಮಂಚದ ಪಕ್ಕ ಕೂತು ಹಾಡುತ್ತಿದ್ದರು. ಲೂರ್ದಮ್ಮನಿಗೆ ಈಗ ಗದ್ದದ ಬದಲು ಮುಖಗಳು ಕಂಡವು.

ಮೂರನೇ ವಾರ ಸಂಗೀತಾ ಬೆರಳಿಟ್ಟು ನೋಡಿದಳು. ಕೆಂಪು ಮಾಯವಾಗಿತ್ತು. “ಹಂಗಂತ ನಿಲ್ಲಿಸ್ಬೇಡಿ,” ಅಂದಳು.

ಅದಾದ ಮೇಲಿನ ಭಾನುವಾರ ಲೂರ್ದಮ್ಮ ಗಾಲಿ ಕುರ್ಚಿಯಲ್ಲಿ ಮನೆಯಿಂದ ಆಚೆ ಬಂದಳು. ಕುರ್ಚಿ ತಳ್ಳುತ್ತಿದ್ದವನು ಚೌರಪ್ಪ, ಹಿಂದೆ ಸಂಘದ ಹೆಂಗಸರು. ಓಣಿಯ ತಿರುವಿನಲ್ಲಿ ಸೀಟಿ ಬೇರೆ ಊದಿದ. ಚರ್ಚಿನ ಕಡೆ ತಿರುಗಿಸಲು ಹೋದವನಿಗೆ ಅವಳು ಬಲಗೈ ಎತ್ತಿ ಎದುರು ದಿಕ್ಕು ತೋರಿಸಿದಳು.

ಅಲ್ಲಿ ಬೆನಕಪ್ಪನ ಮನೆ. ಲಾರಿಯಿಂದ ಬಿದ್ದು ಎರಡು ತಿಂಗಳಿಂದ ಮಲಗಿದ್ದ ಹಮಾಲಿ. ಚರ್ಚಿಗೂ ಅವನಿಗೂ ಸಂಬಂಧವಿಲ್ಲ. ಅವನ ಸೊಸೆ ಶ್ರುತಿ ಇಷ್ಟು ಜನರನ್ನು ಕಂಡು ಬಾಗಿಲಿಗೆ ಅಡ್ಡ ನಿಂತಳು. “ನಮಗೆ ಯಾರ್ದೂ ಬ್ಯಾಡ ಕಣ್ರೀ. ನಾವೇ ನೋಡ್ಕೋತೀವಿ.”

ಲೂರ್ದಮ್ಮ ಚೌರಪ್ಪನ ಮುಖ ನೋಡಿದಳು. ಚೌರಪ್ಪ ತಲೆ ಕೆರೆದುಕೊಂಡು ಮುಂದೆ ಬಂದ. “ಈ ಡೈಲಾಗ್ ನಾನೂ ಹೇಳಿದ್ದೆ ಕಣವ್ವ. ನಾನ್ ಹೇಳ್ದಷ್ಟೊತ್ತೂ ಹುಣ್ಣು ಕೇಳ್ತಾ ನಿಲ್ಲಲಿಲ್ಲ, ಬೆಳೀತಾ ಹೋಯ್ತು.”

ಶ್ರುತಿ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು, “ಒಳಗ್ ಬಂದು ಏನ್ ಮಾಡ್ತೀರ? ಹಾಡ್ತೀರಾ?”

“ಹಾಡು ಆಮೇಲೆ,” ಅಂದಳು ಲೂರ್ದಮ್ಮ. “ಮೊದ್ಲು. ಎರಡು ದಿಂಬು ತಾ.”

ಈಗ ನಿಮ್ಮ ಸರದಿ. ನಿಮ್ಮ ಓಣಿಯಲ್ಲೂ ಒಬ್ಬರು ಸೂರು ನೋಡುತ್ತಾ ಮಲಗಿದ್ದಾರೆ. ನೀವು ಚರ್ಚಿನ ಸಂಘದವರೋ, ಭಜನಾ ಮಂಡಳಿಯವರೋ, ಸ್ವಸಹಾಯ ಗುಂಪಿನವರೋ, ಯಾವುದೂ ಅಲ್ಲದ ಪಕ್ಕದ ಮನೆಯವರೋ, ಅದು ಆ ಬೆನ್ನಿಗೆ ಬೇಕಿಲ್ಲ. ಹಣ್ಣು, ರಸ್ಕು ಹಿಡಿದು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಇಟ್ಟು ಓಡಿ ಬರಬೇಡಿ. ‘ಮಗ್ಗುಲು ಬದಲಾಯಿಸಲಾ?’ ಅಂತ ಕೇಳಿ. ಚರ್ಮ ಕೆಂಪಾಗಿದ್ದರೆ, ಬಿಸಿಯಾಗಿದ್ದರೆ ತಿಕ್ಕದೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಒಡೆದಿದ್ದರೆ ಅದೇ ದಿನ ಆಸ್ಪತ್ರೆಗೆ ತೋರಿಸಿ. ಮನೆಯಲ್ಲಿ ರೋಗಿಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವವರಿಗೂ ಒಂದು ಮಾತು. ಬಾಗಿಲು ತೆಗೆಯಿರಿ. ಮರ್ಯಾದೆ ಎಲ್ಲೂ ಹೋಗುವುದಿಲ್ಲ. ಹೋದರೂ ಮುಂದಿನ ಬಸ್ಸಿಗೆ ವಾಪಸ್ ಬರುತ್ತದೆ. ಹೋದ ಮನುಷ್ಯರು ಬರುವುದಿಲ್ಲ.