ವಾಸವಿರುವ ಬಗ್ಗೆ

ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಟವೆಲ್ಲನ್ನೂ ಬಿಡಲಿಲ್ಲ. ಮಡಚಿ ಟ್ರಂಕಿಗೆ ತುರುಕಿ, ಟ್ರಂಕನ್ನು ಮಂಚದಡಿಗೆ ತಳ್ಳಿ, ವಿಜ್ಞಾನದ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈಗ ಬರಲಿ.

ತಪಾಸಣೆ ಎಂದರೆ ಅವಳಿಗೆ ಗೊತ್ತಿದ್ದುದು ಒಂದೇ. ಶಾಲೆಗೆ ಸಾಹೇಬರು ಬರುವ ಹಿಂದಿನ ದಿನ ಮುರಿದ ಬೆಂಚುಗಳು ಪ್ರಯೋಗಾಲಯದ ಹಿಂದೆ ಅಡಗುತ್ತವೆ. ಹರಿದ ನಕಾಶೆ ಬೀರುವಿನೊಳಗೆ ಹೋಗುತ್ತದೆ. ಮೂಗು ಸೋರುವ ಮಕ್ಕಳು ಕೊನೆಯ ಸಾಲಿಗೆ. ಹನ್ನೊಂದು ವರ್ಷ ಹೀಗೆ ಬಚ್ಚಿಟ್ಟು ಪಳಗಿದ ಕೈ. ಅರ್ಧ ದಿನ ರಜೆ ಹಾಕಿ ಬಂದವಳು ಒಂದು ಗಂಟೆಯಲ್ಲಿ ಕೋಣೆಯನ್ನು ಒಪ್ಪ ಮಾಡಿಟ್ಟಿದ್ದಳು.

ಈ ಬಾರಿ ತಪಾಸಣೆ ಅವಳದೇ. ಬಾಡಿಗೆ ಗಗನಕ್ಕೇರಿದ ನಗರದಲ್ಲಿ ಪಾಠ ಹೇಳುವವರಿಗೆ ಸಂಬಳದ ಮೇಲೆ ನಗರ ಭತ್ಯೆ ಎಂದು ಕೊಡುತ್ತಾರೆ. ನಗರದ ಗಡಿಯೊಳಗೆ ವಾಸವಿರಬೇಕು, ಅಷ್ಟೇ ಷರತ್ತು. ಕೆಲವರು ಗಡಿಯಾಚೆ ಸ್ವಂತ ಮನೆಯಲ್ಲಿದ್ದುಕೊಂಡು, ಇಲ್ಲೊಂದು ಖಾಲಿ ಕೋಣೆ ತೋರಿಸಿ ಭತ್ಯೆ ನುಂಗುತ್ತಿದ್ದಾರೆಂದು ಯಾರೋ ಅರ್ಜಿ ಬರೆದಿದ್ದರು. ಹಾಗಾಗಿ ಮನೆಮನೆಗೂ ಗುಮಾಸ್ತ.

ಭತ್ಯೆ ನಿಂತರೆ ಈ ಕೋಣೆ ಇಲ್ಲ. ಕೋಣೆ ಇಲ್ಲವೆಂದರೆ ಎರಡು ಗಂಟೆ ದಾರಿಯ ಅಣ್ಣನ ಮನೆ. ಬೆಳಿಗ್ಗೆ ಅತ್ತಿಗೆ ಫೋನು ಮಾಡಿದ್ದಳು. "ಸುಮ್ನೆ ಬಂದ್ಬಿಡೇ. ಹಾಲ್‌ನಲ್ಲಿ ಒಂದು ಚಾಪೆಗೆ ಜಾಗ ಇಲ್ವಾ? ನಾವೇನು ನಿನ್ನ ತಿಂದ್ಬಿಡ್ತೀವಾ?"

ಅತ್ತಿಗೆ ತಿನ್ನುವವಳಲ್ಲ. ಟಿವಿ ಆರುವವರೆಗೆ ಚಾಪೆ ಹಾಸುವಂತಿಲ್ಲ, ಅಷ್ಟೇ. ಯಾರಾದರೂ ಬಂದರೆ "ಇವಳು ನಮ್ಮೆಜಮಾನರ ತಂಗಿ, ಪಾಪ" ಎನ್ನುತ್ತಾಳೆ. ಆ ಪಾಪದಿಂದ ತಪ್ಪಿಸಿಕೊಳ್ಳಲೆಂದೇ ಅವಳು ಈ ಕೋಣೆ ಹಿಡಿದದ್ದು.

ಗುಮಾಸ್ತ ಬಂದ. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಗೋಡೆ ನೋಡಿದ. ಮಂಚ ನೋಡಿದ. ಅಡುಗೆಕಟ್ಟೆಯ ಮೇಲೆ ಬೆರಳಾಡಿಸಿ, ಆಮೇಲೆ ಬೆರಳನ್ನೇ ನೋಡಿಕೊಂಡ.

"ಮೇಡಂ, ಇಲ್ಲಿ ಯಾರೂ ಇರೋ ಹಾಗೆ ಕಾಣಲ್ವಲ್ಲ."

"ನಾನೇ ಇರೋದು."

"ಎಷ್ಟು ವರ್ಷದಿಂದ?"

"ಆರು."

"ಆರು ವರ್ಷದಲ್ಲಿ ಗೋಡೆಗೆ ಒಂದು ಎಣ್ಣೆ ಕಲೆನೂ ಆಗಿಲ್ವಾ? ನಮ್ಮನೇಲಿ ಆರು ದಿನ ಸಾಕು." ಅವನು ನಕ್ಕ. ತಾನೂ ನಗಬೇಕೇನೋ ಎಂದು ಅವಳು ಯೋಚಿಸುವಷ್ಟರಲ್ಲಿ ಅವನ ನಗು ಮುಗಿದಿತ್ತು.

ಮಂಚದಡಿಯಿಂದ ಟ್ರಂಕನ್ನು ಎಳೆದಳು. ಟವೆಲ್ಲು, ಹಲ್ಲುಜ್ಜುವ ಬ್ರಷ್, ತಲೆನೋವಿನ ಮಾತ್ರೆ, ಅರ್ಧ ತಿದ್ದಿದ ಉತ್ತರಪತ್ರಿಕೆಗಳ ಕಟ್ಟು. ಒಂದೊಂದಾಗಿ ಮಂಚದ ಮೇಲೆ ಇಟ್ಟಳು. ಅವಳಿಗೇ ತಿಳಿಯದಂತೆ ಅವು ಪರೀಕ್ಷೆಗಿಟ್ಟ ಉಪಕರಣಗಳ ಹಾಗೆ ಸಾಲಾಗಿ ಕೂತವು.

"ಇದನ್ನೆಲ್ಲಾ ಯಾರು ಬೇಕಾದ್ರೂ ತಂದಿಡ್ಬಹುದು ಮೇಡಂ. ನಿನ್ನೆ ಒಬ್ರ ಮನೇಲಿ ಬ್ರಷ್‌ಗೆ ಅಂಗಡಿ ಪ್ಲಾಸ್ಟಿಕ್ಕೇ ಬಿಚ್ಚಿರ್ಲಿಲ್ಲ. ಅಕ್ಕಪಕ್ಕದವರು ಒಂದು ಮಾತು ಹೇಳ್ಲಿ, ಬರ್ಕೊಂಡು ಹೋಗ್ತೀನಿ."

ಆ ಮಹಡಿಯಲ್ಲಿ ಇದ್ದದ್ದು ಎದುರು ಮನೆಯೊಂದೇ. ಆ ಮನೆಯ ಜಗಳ, ಗಂಡನ ಕೆಮ್ಮು, ಮಗಳ ಮಗ್ಗಿ ಎಲ್ಲವೂ ಟೀಚರಿಗೆ ಬಾಯಿಪಾಠ. ಏಳರ ಮಗ್ಗಿಯಲ್ಲಿ ಹುಡುಗಿ ಎಲ್ಲಿ ತಪ್ಪುತ್ತಾಳೆಂಬುದೂ ಗೊತ್ತು. ಬಾಗಿಲು ತೆರೆದ ಹೆಂಗಸು ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ ಹಿಡಿದಿದ್ದಳು.

"ಇವರನ್ನ ನೋಡಿದೀರಾ?" ಗುಮಾಸ್ತ ಕೇಳಿದ.

ಹೆಂಗಸು ಟೀಚರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ರೂಮ್ ನೋಡೋಕೆ ಬಂದಿದೀರಾ? ಬಾಡಿಗೆ ಜಾಸ್ತಿ ಹೇಳ್ತಾರೆ, ಹುಷಾರು."

"ಅಲ್ಲ, ನಾನು ಇಲ್ಲೇ ಇರೋದು."

"ಅಲ್ಲಿ? ಅದು ಓನರ್ ಸಾಮಾನು ತುಂಬಿರೋ ರೂಮ್ ಅಲ್ವಾ? ನಾವು ಬಂದು ಮೂರು ವರ್ಷ ಆಯ್ತು, ಒಂದಿನಾನೂ ಸದ್ದು ಕೇಳಿಲ್ಲಪ್ಪ."

ಸದ್ದಾಗದಿರಲೆಂದು ಅವಳು ಚಪ್ಪಲಿಯನ್ನು ಕೆಳಗೇ ಕಳಚಿ ಕೈಯಲ್ಲಿ ಹಿಡಿದು ಮೆಟ್ಟಿಲೇರುತ್ತಿದ್ದಳು. ಎದುರಿನ ಬಾಗಿಲು ತೆರೆದರೆ, ಅದು ಮುಚ್ಚುವವರೆಗೆ ಒಳಗೇ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಅದನ್ನು ಒಳ್ಳೆಯತನವೆಂದೇ ತಿಳಿದಿದ್ದಳು.

"ಬೇಕಾದ್ರೆ ಸೈನ್ ಹಾಕ್ತೀನಿ ಬಿಡಿ," ಎಂದಳು ಹೆಂಗಸು. "ಪಾಪ."

"ಪಾಪ ಅಂತ ಹಾಕೋ ಹಾಗಿಲ್ಲಮ್ಮ. ನೋಡಿರ್ಬೇಕು, ಇಲ್ಲಾ ಸದ್ದಾದ್ರೂ ಕೇಳಿರ್ಬೇಕು." ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. "ನಾಳೆ ಈ ಬೀದೀಲಿ ಇನ್ನೊಂದು ಮನೆ ಇದೆ. ಬಂದಾಗ ನಿಮ್ಮನ್ನೇ ಮತ್ತೆ ಕೇಳ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಅವನು ಇಳಿದುಹೋದ. ಎದುರಿನ ಬಾಗಿಲು ಮುಚ್ಚಿಕೊಂಡಿತು.

ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಕೋಣೆಯೊಳಗೆ ಹೆಜ್ಜೆ ಊರಿ ಊರಿ ನಡೆದಳು. ಆರನೆಯ ಹೆಜ್ಜೆಗೆ ಗೋಡೆ ಬಂತು. ಮಂಚವನ್ನು ಕರಕರ ಎಳೆದಳು. ಕೆಮ್ಮಿದಳು, ನಾಟಕದವರ ಕೆಮ್ಮಿನ ಹಾಗಿತ್ತು. ಹಾಡೋಣವೆಂದರೆ ಒಂದೂ ಪೂರ್ತಿ ಬಾರದು. ಕೊನೆಗೆ ಸ್ಟೀಲ್ ತಟ್ಟೆಯೊಂದನ್ನು ಎದೆಯೆತ್ತರಕ್ಕೆ ಹಿಡಿದು ಕೈಬಿಟ್ಟಳು.

ಅದು ಅಂಚಿನ ಮೇಲೆ ಗಿರಗಿರನೆ ಸುತ್ತಿತು. ತಗ್ಗಿದಷ್ಟೂ ಸದ್ದು ಹೆಚ್ಚಿಸಿಕೊಂಡು, ನೆಲಕ್ಕೆ ಅಂಟಿ ಸುಮ್ಮನಾಯಿತು.

"ಏನಮ್ಮ ಅದು ಸದ್ದು?" ಎದುರು ಮನೆಯ ಗಂಡಸಿನ ದನಿ.

"ಎದುರುಗಡೆ ಅಪ್ಪಾ. ಇಲಿ ಇರ್ಬೇಕು," ಎಂದಳು ಹುಡುಗಿ. ಮತ್ತೆ ಅವರ ಮಾತು ಬೇರೆ ಯಾವುದಕ್ಕೋ ಹೊರಳಿತು.

ತಟ್ಟೆಯನ್ನು ಎತ್ತಿಕೊಂಡಳು. ಈ ಸಲ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ತುದಿಗಾಲಲ್ಲಿ ನಿಂತಳು. ಅವರು ಮಾತಾಡುತ್ತಿರುವಾಗ ಬೀಳಿಸುವುದು ಸರಿಯಲ್ಲ. ಮುಗಿಸಲಿ ಎಂದು ಕಾದಳು. ಅವರ ಮಾತು ಮುಗಿಯಲಿಲ್ಲ. ತಟ್ಟೆ ಮೇಲೆಯೇ ಇತ್ತು, ತೋಳುಗಳು ನಡುಗತೊಡಗಿದವು.